ಎಷ್ಟು ಎತ್ತರದಿಂದ ಬಿದ್ರಿ?

ಆರ್ಥೊ, ಅಂದರೆ ಎಲುಬು-ಕೀಲುಗಳ ವೈದ್ಯಶಾಸ್ತ್ರದ ಪುಸ್ತಕದಲ್ಲಿ ರಿಕೆಟ್ಸ್, ಆಸ್ಟಿಯೊಮಲೇಶಿಯಾ, ಆಸ್ಟಿಯೊಪೊರೋಸಿಸ್‌ನಂಥ, ಎಲುಬನ್ನೇ ದುರ್ಬಲ ಮಾಡುವ ಮೆಟಬಾಲಿಕ್ ರೋಗಗಳು ಒಂದು ತುದಿಗಿವೆ. ಮೊಣಕೈ, ಮುಂಗೈ, ಮಣಿಕಟ್ಟಿನ ಮುರಿತಗಳು ಇನ್ನೊಂದು ತುದಿಗೆ. ಮೊದಲನೆಯದು ಬಯೋಕೆಮಿಸ್ಟ್ರಿ ಎಂದು ಬೇಸರ, ಎರಡನೆಯದು ಬರೀ ಹೆಸರುಗಳು ಎಂದು ಬೇಸರ. ಪರೀಕ್ಷೆಯಲ್ಲಿ ಆರ್ಥೊಗೆ ಬೇರೆ ಪ್ರಶ್ನೆಪತ್ರಿಕೆಯೂ ಇಲ್ಲ, ಸರ್ಜರಿಯೊಳಗೆ ಒಂದು ಪಾಲು ಅಷ್ಟೇ. ಹೀಗಾಗಿ ಬಾಗಲಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ನಮ್ಮ ಬ್ಯಾಚಿನ ಬಹಳ ಮಂದಿ ಈ ವಿಭಾಗದ ಪೋಸ್ಟಿಂಗ್ ಬಂದರೆ ಊರಿಗೆ ಹೋಗಿ ಬರುವ ಲೆಕ್ಕ ಹಾಕುತ್ತಿದ್ದರು. ನಾನು ಹೋಗಲಿಲ್ಲ, ನನ್ನ ಊರು ಅಲ್ಲೇ ಸಮೀಪ. ಅಂತಿಮ ವರ್ಷದಲ್ಲಿ ಆರ್ಥೊ ಓಪಿಡಿಯಲ್ಲಿ (ಹೊರರೋಗಿ ವಿಭಾಗ) ಕೂತೆ, ಈಗ ಇಂಟರ್ನ್ ಆಗಿ ಮತ್ತೆ ಅಲ್ಲಿಗೇ ಬಂದಿದ್ದೇನೆ. ಜೂನಿಯರ್‌ಗಳು ಬಂದು "ಅಕ್ಕಾ, ಆರ್ಥೊ ಎಲ್ಲಿಂದ ಶುರು ಮಾಡೋದ್ರಿ?" ಎಂದು ಕೇಳುತ್ತಾರೆ. ನಾನು ಹೇಳುವುದಿಷ್ಟು: ಆ ಎರಡು ಅಧ್ಯಾಯಗಳನ್ನು ಬೇರೆ ಬೇರೆ ಓದಬೇಡಿ. ಓಪಿಡಿಯಲ್ಲಿ ಅವೆರಡೂ ಒಂದೇ ಸ್ಟೂಲಿನ ಮೇಲೆ ಬಂದು ಕೂರುತ್ತವೆ.

ನಮ್ಮ ಪೋಸ್ಟಿಂಗ್ ಬಂದದ್ದು ಶ್ರಾವಣದಲ್ಲಿ. ಈ ಕಡೆ ನಾಗರಪಂಚಮಿ ಅಂದರೆ ಉಂಡಿ ಮತ್ತು ಜೋಕಾಲಿ. ಬೇವಿನ ಮರಕ್ಕೋ ಹುಣಸೆ ಮರಕ್ಕೋ ಹಗ್ಗ ಕಟ್ಟಿ ದೊಡ್ಡವರೂ ಸಣ್ಣವರೂ ಜೀಕುತ್ತಾರೆ. ಪಂಚಮಿಯ ಆಜೂಬಾಜು ನಮ್ಮ ಓಪಿಡಿಗೆ ಬಂದ ಮಕ್ಕಳಲ್ಲಿ ಮೊಣಕೈ ಊದಿಸಿಕೊಂಡವರದೇ ಸಾಲು. ಐದರಿಂದ ಎಂಟು ವರ್ಷದ ಮಗು ಕೈ ಚಾಚಿ ನೆಲಕ್ಕೆ ಊರಿದಾಗ ಮೊಣಕೈ ಹಿಂದಕ್ಕೆ ಮಣಿಯುತ್ತದೆ, ರಟ್ಟೆಯ ಎಲುಬು ಕೆಳತುದಿಯ ತೆಳ್ಳಗಿನ ಜಾಗದಲ್ಲಿ ಮುರಿಯುತ್ತದೆ. ಇದೇ ಸುಪ್ರಾಕಾಂಡೈಲರ್ ಮುರಿತ. ಬಹುಪಾಲು ಪ್ರಕರಣಗಳಲ್ಲಿ ಕೆಳಗಿನ ತುಂಡು ಹಿಂದಕ್ಕೆ ಸರಿದಿರುತ್ತದೆ. 1959ರಲ್ಲಿ ಗಾರ್ಟ್‌ಲ್ಯಾಂಡ್ ಮಾಡಿದ ಮೂರು ದರ್ಜೆಗಳನ್ನೇ ಇವತ್ತಿಗೂ ಬರೆಯುತ್ತೇವೆ: ಜರುಗದೇ ಇದ್ದರೆ ಒಂದು, ಮುಂದೆ ಬಿರಿದು ಹಿಂದಿನ ಪದರ ಹಿಡಿದುಕೊಂಡಿದ್ದರೆ ಎರಡು, ಪೂರ್ತಿ ಬಿಟ್ಟುಹೋಗಿದ್ದರೆ ಮೂರು. ಮೂರನೆಯದಕ್ಕೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು, ಸಿ-ಆರ್ಮ್ (ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ) ಕೆಳಗೆ ಕೂಡಿಸಿ, ಕೆ-ವೈರ್ ಎಂಬ ತೆಳು ಉಕ್ಕಿನ ಕಡ್ಡಿ ಹಾಕುತ್ತಾರೆ.

ಇದನ್ನೆಲ್ಲ ಓದಿಕೊಂಡೇ ಹೋಗಿದ್ದೆ. ನಮ್ಮ ಸರ್ ದರ್ಜೆಯ ಮಾತನ್ನೇ ಎತ್ತಲಿಲ್ಲ. "ಮೊದಲು ನಾಡಿ ನೋಡು. ಆಮೇಲೆ ಬೆರಳು ಆಡಿಸು. ಫೋಟೋ ಎಲ್ಲೂ ಓಡಿ ಹೋಗೂದಿಲ್ಲ" ಎಂದರು. ಫೋಟೋ ಅಂದರೆ ಎಕ್ಸ್‌ರೇ. ಮುರಿದ ತುದಿಯ ಮುಂದೆಯೇ ಬ್ರೇಕಿಯಲ್ ರಕ್ತನಾಳ, ಮೀಡಿಯನ್ ನರ ಹಾದುಹೋಗುತ್ತವೆ. ಅಳುವ ಮಗುವಿನ ನರ ಪರೀಕ್ಷೆ ಮಾಡುವುದು ಹೇಗೆ ಎಂಬುದನ್ನು ಯಾವ ಪುಸ್ತಕವೂ ಸರಿಯಾಗಿ ಹೇಳುವುದಿಲ್ಲ. ಸರ್ ಆಟ ಆಡಿಸುತ್ತಿದ್ದರು. "ಹೆಬ್ಬಟ್ಟು ಮ್ಯಾಲೆ ಎತ್ತು" ಅಂದರೆ ರೇಡಿಯಲ್ ನರ. "ಹೆಬ್ಬಟ್ಟು, ತೋರುಬೆರಳು ಕೂಡಿಸಿ ಸೊನ್ನಿ ಮಾಡು" ಅಂದರೆ ಮೀಡಿಯನ್ ನರದ ಮುಂಭಾಗದ ಕವಲು. ಅದಕ್ಕೆ ಪೆಟ್ಟಾಗಿದ್ದರೆ ಸೊನ್ನೆ ದುಂಡಗಾಗುವುದಿಲ್ಲ, ಬೆರಳ ತುದಿಗಳು ಮಡಚದೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟುತ್ತವೆ. "ಬೆರಳು ಅಗಲ ಮಾಡು" ಅಂದರೆ ಅಲ್ನರ್. ಮೂರೇ ಆಟ. ಮಗುವಿಗೆ ನೋವಾಗದೆ, ಮುರಿದ ಜಾಗ ಮುಟ್ಟದೆ ಮುಗಿಯುತ್ತದೆ. ಕಂಡದ್ದನ್ನು ಕೇಸ್ ಶೀಟಿನಲ್ಲಿ ಬರೆಯಬೇಕು, ಅದೂ ಮುರಿತ ಕೂಡಿಸುವ ಮೊದಲೇ. ಆಮೇಲೆ ಬರೆದರೆ ನರಕ್ಕೆ ಪೆಟ್ಟು ಬಿದ್ದದ್ದು ಜೋಕಾಲಿಯಿಂದಲೋ ನಮ್ಮ ಕೈಯಿಂದಲೋ ಯಾರಿಗೂ ಗೊತ್ತಾಗುವುದಿಲ್ಲ.

ಒಬ್ಬ ಹುಡುಗಿಯನ್ನು ಬಿದ್ದ ಮರುದಿನ ಕರೆತಂದಿದ್ದರು. "ಎಣ್ಣಿ ಹಚ್ಚಿ ತಿಕ್ಕಿಸಿದಿವ್ರಿ, ಪಟ್ಟಿ ಕಟ್ಟಿಸಿದಿವ್ರಿ. ರಾತ್ರಿಯೆಲ್ಲಾ ಒದರ್‍ಯಾಳ್ರಿ" ಎಂದ ಅಪ್ಪ. ಊರಿನ ನಾಟಿ ವೈದ್ಯರು ಬಿದಿರ ಸೀಳು ಇಟ್ಟು ಬಿಗಿಯಾಗಿ ಸುತ್ತಿದ್ದರು. ಸರ್ ಮಾತಾಡುತ್ತಲೇ ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದರು, ಆಮೇಲೆ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ನೋಡಿದರು. ಬೆರಳು ನೇರ ಮಾಡಿದಾಗ ಮುಂಗೈಯಲ್ಲಿ ತಡೆಯಲಾರದ ನೋವು ಬಂದರೆ ಒಳಗೆ ಸ್ನಾಯುಗಳಿಗೆ ರಕ್ತ ಸಾಲುತ್ತಿಲ್ಲ ಎಂದು ಅರ್ಥ. ನಾಡಿ ಸಿಕ್ಕಿತು ಎಂದು ಸಮಾಧಾನ ಪಡಬಾರದು, ನಾಡಿ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಆ ಹಂತವೂ ದಾಟಿದರೆ ಸ್ನಾಯು ಸತ್ತು, ನಾರಾಗಿ, ಬೆರಳು ಕೊಕ್ಕೆಯಂತೆ ಮಡಚಿಕೊಳ್ಳುತ್ತವೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ್ದು ಇದನ್ನೇ, ಬಿಗಿ ಪಟ್ಟಿ ಕಟ್ಟಿದ ಕೈಗಳನ್ನು ನೋಡಿಯೇ. ಆ ಹುಡುಗಿಯ ಕೈ ಉಳಿಯಿತು. ನಾಟಿ ವೈದ್ಯರನ್ನು ಬೈಯುವುದು ನಮಗೆ ಸುಲಭ. ಸರ್ ಬೈಯಲಿಲ್ಲ. "ಆ ಊರಿಂದ ಇಲ್ಲಿಗೆ ಕೊನೀ ಬಸ್ ಎಷ್ಟಕ್ಕ ಕೇಳು" ಎಂದರು. ಸಂಜೆಗೇ ಮುಗಿಯುತ್ತಿತ್ತು.

ಈ ಮಕ್ಕಳ ಎಲುಬು ಗಟ್ಟಿಯೇ. ಮರದ ಕೊಂಬೆಯ ಎತ್ತರದಿಂದ ಬಿದ್ದಿದ್ದಾರೆ, ಮುರಿಯಿತು, ಅದರಲ್ಲಿ ಆಶ್ಚರ್ಯವಿಲ್ಲ. ಸರ್ ಪ್ರತಿಯೊಬ್ಬರಿಗೂ ಕೇಳುತ್ತಿದ್ದ ಪ್ರಶ್ನೆ ಒಂದಿತ್ತು: "ಎಷ್ಟು ಎತ್ತರದಿಂದ ಬಿದ್ರಿ?" ಅದರ ಹಿಂದಿನ ಇನ್ನೊಂದು ಪ್ರಶ್ನೆಯನ್ನು ನಮಗೆ ಮಾತ್ರ ಕೇಳುತ್ತಿದ್ದರು: "ಅಷ್ಟು ಪೆಟ್ಟಿಗೆ ಈ ಎಲುಬು ಮುರೀಬೇಕಿತ್ತೇನು?"

ಈ ಎರಡನೆಯ ಪ್ರಶ್ನೆಯಿಂದಲೇ ಮೆಟಬಾಲಿಕ್ ಅಧ್ಯಾಯ ಬಾಗಿಲು ತೆರೆಯುತ್ತದೆ.

ಗುಳೇದಗುಡ್ಡದ ಕಡೆಯ ತಾಯಿಯೊಬ್ಬರು ಎರಡು ವರ್ಷ ತುಂಬುತ್ತಿದ್ದ ಮಗನನ್ನು ಎತ್ತಿಕೊಂಡು ಬಂದಿದ್ದರು. ಹೊಸ್ತಿಲು ಎಡವಿ ಬಿದ್ದಿದ್ದ ಅಷ್ಟೇ, ಮುಂಗೈ ಬಾಗಿತ್ತು. ಎಕ್ಸ್‌ರೇಯಲ್ಲಿ ಹಸಿ ಕಡ್ಡಿ ಬಾಗಿದ ಹಾಗೆ ಒಂದು ಬದಿ ಮಾತ್ರ ಬಿರುಕು. ನಾವೆಲ್ಲ ಆ ಬಿರುಕನ್ನೇ ನೋಡುತ್ತಿದ್ದೆವು. ಸರ್ ಬೆರಳಿಟ್ಟದ್ದು ಮಣಿಕಟ್ಟಿನ ಹತ್ತಿರ. ಮುಂಗೈಯ ಹೆಬ್ಬೆರಳ ಬದಿಯ ರೇಡಿಯಸ್ ಎಲುಬಿನ ತುದಿ ಚಪ್ಪಟೆಯಾಗಿರಬೇಕಾದ ಕಡೆ ಬಟ್ಟಲಿನಂತೆ ತಗ್ಗಾಗಿ, ಅಗಲವಾಗಿ, ಅಂಚು ಹರಿದುಹೋಗಿತ್ತು. ರಿಕೆಟ್ಸ್, ಸುಣ್ಣ ಸಾಲದೆ ಬೆಳೆಯುವ ಎಲುಬು ಮೆತ್ತಗಾಗುವ ರೋಗ. ಮುಂಗೈ ಎಲುಬುಗಳ ಬೆಳವಣಿಗೆಯ ಹೆಚ್ಚಿನ ಪಾಲು ನಡೆಯುವುದು ಮಣಿಕಟ್ಟಿನ ಕಡೆಯ ತಟ್ಟೆಯಲ್ಲಿ. ಬೆಳವಣಿಗೆ ಜೋರಾಗಿರುವ ಕಡೆಯೇ ಸುಣ್ಣ ಸಾಲದಿರುವುದು ಮೊದಲು ಕಾಣುತ್ತದೆ. ಅದಕ್ಕೇ ರಿಕೆಟ್ಸ್ ಅನುಮಾನ ಬಂದರೆ ಮಣಿಕಟ್ಟು, ಮೊಣಕಾಲುಗಳ ಫೋಟೋ ತೆಗೆಸುತ್ತೇವೆ. ಆಮೇಲೆ ಅಂಗಿ ಬಿಚ್ಚಿಸಿ ನೋಡಿದರೆ ಪಕ್ಕೆಲುಬಿನ ಉದ್ದಕ್ಕೂ ಸರ ಪೋಣಿಸಿದ ಗಂಟುಗಳು ಕೈಗೆ ಸಿಕ್ಕವು.

ಆ ತಾಯಿ ಮಗ್ಗದ ಮನೆಯವರು. ದಿನವೆಲ್ಲ ಒಳಗೇ ಕೆಲಸ, ಮಗು ಪಕ್ಕದಲ್ಲೇ ತೊಟ್ಟಿಲಲ್ಲಿ. "ಇಷ್ಟು ಬಿಸಿಲೂರಾಗ ಬಿಸಿಲು ಕಡಿಮಿ ಅಂತೀರಲ್ರಿ" ಎಂದು ಅವರು ನಕ್ಕರು. ನಮಗೂ ಅದೇ ಅನ್ನಿಸಿತ್ತು. ಬಾಗಲಕೋಟೆಯ ಬಿಸಿಲು ಯಾರನ್ನೂ ಬಿಡುವುದಿಲ್ಲ, ಆದರೆ ವಿಟಮಿನ್ ಡಿ ತಯಾರಾಗಲು ಬಿಸಿಲಿನ ಯುವಿ-ಬಿ ಕಿರಣ ಬರಿ ಚರ್ಮದ ಮೇಲೇ ಬೀಳಬೇಕು. ಕಿಟಕಿ ಗಾಜು ದಾಟಿ ಅದು ಬರುವುದಿಲ್ಲ, ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ಚರ್ಮದಲ್ಲಿ ಹುಟ್ಟಿದ್ದು ಯಕೃತ್ತಿನಲ್ಲಿ ಒಂದು ಹಂತ, ಮೂತ್ರಪಿಂಡದಲ್ಲಿ ಇನ್ನೊಂದು ಹಂತ ದಾಟಿದ ಮೇಲೆಯೇ ಕೆಲಸಕ್ಕೆ ಬರುತ್ತದೆ. ಮೊದಲ ವರ್ಷ ಬಾಯಿಪಾಠ ಮಾಡಿ ಮರೆತಿದ್ದ ಆ ಸರಪಳಿ ಅವತ್ತಿನಿಂದ ನನಗೆ ಮರೆತಿಲ್ಲ. ಮಗುವಿಗೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಕೊಟ್ಟು ಮೂರ್ನಾಲ್ಕು ವಾರ ಬಿಟ್ಟು ಮತ್ತೆ ಮಣಿಕಟ್ಟಿನ ಫೋಟೋ ತೆಗೆಸಿದರು. ಹರಿದ ಅಂಚಿನಲ್ಲಿ ಬಿಳಿ ಗೆರೆಯೊಂದು ಮೂಡಿತ್ತು. ಗೆರೆ ಮೂಡದಿದ್ದರೆ ಮೂತ್ರಪಿಂಡದ ತೊಂದರೆ, ಫಾಸ್ಫೇಟ್ ಸೋರಿಕೆ ಇವನ್ನೆಲ್ಲ ಹುಡುಕಬೇಕಾಗುತ್ತಿತ್ತು.

ನಡುವೆ ಗಂಡಸರ ಸಾಲೂ ಇತ್ತು. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಕುಸ್ತಿ, ಕಬಡ್ಡಿ ಆಡುವ ಹುಡುಗರ ಭುಜ ಜಾರಿರುತ್ತದೆ, ಬಹುತೇಕ ಮುಂದಕ್ಕೆ. ಕೂಡಿಸುವ ಮೊದಲು ರಟ್ಟೆಯ ಹೊರಬದಿಯ ಚರ್ಮ ಮುಟ್ಟಿ ಸ್ಪರ್ಶ ಗೊತ್ತಾಗುತ್ತದೆಯೇ ಕೇಳಿ, ಅದು ಆಕ್ಸಿಲರಿ ನರ. ಬೈಕಿನಿಂದ ಬಿದ್ದವನ ಹೆಬ್ಬೆರಳ ಬುಡದ ಗುಣಿಯಲ್ಲಿ ಒತ್ತಿದರೆ ನೋವಿದ್ದು ಫೋಟೋ ಸ್ವಚ್ಛವಾಗಿದ್ದರೂ ಸ್ಕೇಫಾಯ್ಡ್ (ಮಣಿಕಟ್ಟಿನ ಸಣ್ಣ ಎಲುಬು) ಮುರಿದಿದೆ ಎಂದೇ ಹಿಡಿದು, ಪಟ್ಟಿ ಹಾಕಿ, ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ಫೋಟೋ ತೆಗೆಸಬೇಕು. ಅದರ ರಕ್ತ ಬೆರಳಿನ ಕಡೆಯ ತುದಿಯಿಂದ ಒಳಗೆ ಬರುತ್ತದೆ, ಮುರಿದರೆ ಇತ್ತಕಡೆಯ ತುಂಡು ಒಣಗುತ್ತದೆ. ಮುಂಗೈಯ ಎರಡು ಎಲುಬಿನಲ್ಲಿ ಒಂದೇ ಮುರಿದಂತೆ ಕಂಡರೆ ಮೊಣಕೈ, ಮಣಿಕಟ್ಟು ಎರಡೂ ಬರುವಂತೆ ಫೋಟೋ ತೆಗೆಸಿ. ಕಿರುಬೆರಳ ಬದಿಯ ಅಲ್ನಾ ಮುರಿದು ಮೇಲಿನ ಕೀಲು ಜಾರಿದ್ದರೆ ಮೊಂಟೆಜಿಯಾ, ರೇಡಿಯಸ್ ಮುರಿದು ಕೆಳಗಿನ ಕೀಲು ಜಾರಿದ್ದರೆ ಗಲಿಯಾಜಿ. ಇವೆರಡೂ ಅದಲುಬದಲಾಗದಂತೆ ನೆನಪಿಡಲು ಹಾಸ್ಟೆಲಿನಲ್ಲಿ ಎಲ್ಲರೂ "ಗ್ರಿಮಸ್" ಎಂದು ಜಪ ಮಾಡುತ್ತಾರೆ, ಮಾಡಿ, ಕೆಲಸಕ್ಕೆ ಬರುತ್ತದೆ. ನನಗೆ ಹಿಡಿಸಿದ್ದು ಬೇರೆ ಸಂಗತಿ: ಮಿಲಾನಿನ ಮೊಂಟೆಜಿಯಾ, ಡಬ್ಲಿನ್‌ನ ಕಾಲಿಸ್ ಇಬ್ಬರೂ ತಮ್ಮ ಹೆಸರಿನ ಮುರಿತಗಳನ್ನು ವಿವರಿಸಿದ್ದು ಒಂದೇ ವರ್ಷ, 1814ರಲ್ಲಿ. ರಾಂಟ್‌ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅವರು ಕಣ್ಣಿಂದ, ಕೈಯಿಂದ ಕಂಡದ್ದನ್ನು ನಾವು ಫೋಟೋ ಬರುವ ತನಕ ನೋಡುವುದೇ ಇಲ್ಲ.

ಮಣಿಕಟ್ಟಿನ ಹತ್ತಿರ ರೇಡಿಯಸ್ ಮುರಿಯುವ ಕಾಲಿಸ್ ಮುರಿತ ಎಂದರೆ ನನಗೆ ನೆನಪಾಗುವುದು ಆಯಿಗಳು. ಅರವತ್ತರ ಆಚೆಯ, ಇಳಕಲ್ ಸೀರೆಯುಟ್ಟ, ಊದಿದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದು ಬರುವವರು. "ಬಚ್ಚಲದಾಗ ಕಾಲ ಜಾರ್ತು ಯವ್ವಾ, ಕೈ ಊರಿದೆ." ಎಷ್ಟು ಎತ್ತರದಿಂದ? ನಿಂತ ನೆಲದಿಂದ. ಪಕ್ಕದಿಂದ ನೋಡಿದರೆ ಮಣಿಕಟ್ಟು ಮೇಲಕ್ಕೆ ಉಬ್ಬಿ, ರೇಡಿಯಸ್‌ನ ತುದಿ ಹಿಂದಕ್ಕೂ ಹೆಬ್ಬೆರಳ ಬದಿಗೂ ವಾಲಿರುತ್ತದೆ. ಫೋಟೋ ಹಿಡಿದು ಕೇಳಿದಾಗ ನಾವು ಜರುಗಿದ ದಿಕ್ಕುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿದೆವು. "ಎಲುಬಿನ ಬಣ್ಣ ಹೇಳ್ರಿ" ಎಂದರು ಸರ್. ಅಂಚು ಪೆನ್ಸಿಲ್ ಗೆರೆಯಷ್ಟು ತೆಳ್ಳಗೆ, ಒಳಗೆ ಮಸುಕು. ಫೋಟೋದಲ್ಲಿ ಇಷ್ಟು ಕಾಣಬೇಕಾದರೆ ಎಲುಬಿನ ಸುಣ್ಣ ಸುಮಾರು ಮೂರನೇ ಒಂದು ಪಾಲು ಹೋಗಿರಬೇಕು.

ಪ್ಲಾಸ್ಟರ್ ರೂಮಿನಲ್ಲಿ ಮೊದಲ ಕೆಲಸ ಬಳೆ ಹೆಚ್ಚಿಸುವುದು. ಪುಸ್ತಕದಲ್ಲಿ ಒಂದೇ ಸಾಲಿದೆ, ಉಂಗುರ ಬಳೆ ತೆಗೆಯಿರಿ ಎಂದು. ಹಸಿರು ಬಳೆ ಒಡೆಯಲು ಮುತ್ತೈದೆ ಒಪ್ಪಬೇಕಲ್ಲ. ಸೋಪು ನೀರು ಹಚ್ಚಿ, ಕೈ ಮೇಲೆತ್ತಿ ಹಿಡಿದು, ಅರ್ಧ ಗಂಟೆ ಕಳೆದಾದರೂ ಜಾರಿಸಿ ತೆಗೆಯುವ ಸಿಸ್ಟರ್ ಒಬ್ಬರಿದ್ದರು. ನಾನು ಆ ಪೋಸ್ಟಿಂಗಿನಲ್ಲಿ ಯಾರಿಂದಲಾದರೂ ಹಟ ಹಿಡಿದು ಕಲಿತ ವಿದ್ಯೆ ಇದ್ದರೆ ಅದೇ. ಆಮೇಲೆ ನೋವು ತಿಳಿಯದಂತೆ ಮುರಿದ ಜಾಗಕ್ಕೆ ಲಿಗ್ನೊಕೇನ್, ಒಬ್ಬರು ಮೊಣಕೈ ಹಿಡಿದು ನಿಲ್ಲುವುದು, ಇನ್ನೊಬ್ಬರು ಕೈಕುಲುಕುವಂತೆ ಹಿಡಿದು ಎಳೆದು, ಕೆಳಕ್ಕೆ ಬಾಗಿಸಿ, ಕಿರುಬೆರಳ ಕಡೆಗೆ ತಿರುಗಿಸುವುದು. ಪ್ಲಾಸ್ಟರ್ ನೀರು ಕುಡಿದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ. ಮೊದಲೇ ಹೇಳದಿದ್ದರೆ ಆಯಿ ಹೆದರಿ ಕೈ ಕೊಸರುತ್ತಾರೆ, ಕೂಡಿಸಿದ್ದು ಮತ್ತೆ ಜರುಗುತ್ತದೆ. ಪ್ಲಾಸ್ಟರ್ ಅಂಗೈಯ ಗೆರೆ ದಾಟಬಾರದು, ಬೆರಳ ಬುಡದ ಗೆಣ್ಣುಗಳು ಪೂರ್ತಿ ಮಡಚಬೇಕು. ಈ ಮುರಿತದಲ್ಲಿ ಅತಿ ಹೆಚ್ಚು ಕಾಡುವುದು ಸೊಟ್ಟಗೆ ಕೂಡಿದ ಎಲುಬಿಗಿಂತ ಬಿಗಿದ ಬೆರಳು. ಅವರ ಚಿಂತೆಯೂ ಅದೇ ಇತ್ತು. "ಮುಂದ ರೊಟ್ಟಿ ಬಡ್ಯಾಕ ಬರ್ತೈತೇನ್ ಯವ್ವಾ?" ಎಂದು ಕೇಳದ ಆಯಿಯನ್ನು ನಾನು ನೋಡಿಲ್ಲ. ಇವತ್ತಿನಿಂದಲೇ ಬೆರಳು ಮಡಚಿ ಬಿಚ್ಚಿ, ಭುಜ ಎತ್ತಿ ಇಳಿಸಿ, ಬೆರಳು ಊದಿದರೆ, ಜೋಮು ಹಿಡಿದರೆ ಬೆಳಗಾಗುವ ತನಕ ಕಾಯಬೇಡಿ ಎಂದು ಆಯಿಗೂ ಜೊತೆಗೆ ಬಂದ ಸೊಸೆಗೂ ಹೇಳಿ ಕಳಿಸುತ್ತೇವೆ.

ಅಷ್ಟಕ್ಕೇ ಬಹಳ ಕಡೆ ಕೆಲಸ ಮುಗಿಯುತ್ತದೆ. ಸರ್ ಮುಗಿಸಲು ಬಿಡುತ್ತಿರಲಿಲ್ಲ. ಮುಟ್ಟು ಯಾವಾಗ ನಿಂತಿತು, ಸೊಂಟ ನೋವಿದೆಯೇ, ಎತ್ತರ ಕಡಿಮೆಯಾಗಿದೆಯೇ, ಸಕ್ಕರೆ ಕಾಯಿಲೆ, ಮೂತ್ರಪಿಂಡ. ಜೊತೆಗೆ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿರುವ, ನಮ್ಮ ಭಾಗದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಬೇಕಾದ ಪ್ರಶ್ನೆ: "ಮೊಣಕಾಲ ನೋವಿಗೆ ಗುಳಗಿ ತಗೊಂತೀರೇನ್ರಿ ಆಯಿ?" "ಹ್ಞೂಂ ಯವ್ವಾ, ಸಂತಿ ದಿನ ಅಂಗಡ್ಯಾಗ ಕೊಡ್ತಾನ. ತಗೊಂಡ್ರ ಭಾಳ ಹಗುರಾಗ್ತೈತಿ." ಆ ಹಗುರದ ಹಿಂದೆ ಹಲವು ಸಲ ಸ್ಟಿರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಎಲುಬನ್ನು ಒಳಗಿಂದ ಸವೆಸುತ್ತದೆ. ಹಾಗೆಂದು "ಇವತ್ತೇ ಬಿಟ್ಟುಬಿಡಿ" ಎನ್ನಲೂ ಬಾರದು, ಬಹಳ ದಿನ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಊಟದ ಮಾತೂ ಬರುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದ್ದರೆ ನಮ್ಮ ಜೋಳದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಜೋಳ ಬಿಡಿ ಎಂದು ಈ ಊರಿನಲ್ಲಿ ಯಾರಿಗೆ ಹೇಳುತ್ತೀರಿ? ಎಳ್ಳು ಸೇರಿಸಿ, ಮೊಸರು ಬಿಡಬೇಡಿ ಎನ್ನಬಹುದು. ಸಂಕ್ರಾಂತಿಯ ಸಜ್ಜಿ ರೊಟ್ಟಿಗೆ ಹಚ್ಚುವ ಎಳ್ಳನ್ನು ವರ್ಷವಿಡೀ ಹಚ್ಚಿದರೆ ಯಾರೂ ಬೇಡ ಅನ್ನುವುದಿಲ್ಲ.

ರಕ್ತ ಪರೀಕ್ಷೆಯ ಚೀಟಿ ಬಂದಾಗ ಗೊಂದಲ ಶುರು. ನಾನು ಹಾಸ್ಟೆಲ್ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದ್ದೆ. ಆಸ್ಟಿಯೊಪೊರೋಸಿಸ್‌ನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ (ಎಲುಬು ಕಟ್ಟುವಾಗ ರಕ್ತದಲ್ಲಿ ಏರುವ ಕಿಣ್ವ) ಎಲ್ಲ ಸರಿ ಇರುತ್ತವೆ, ಏಕೆಂದರೆ ಎಲುಬು ಕಡಿಮೆಯಾಗಿದೆ, ಇದ್ದಷ್ಟು ಎಲುಬಿನ ಹದ ಕೆಟ್ಟಿಲ್ಲ. ಹದವೇ ಕೆಟ್ಟಿರುವುದು ಆಸ್ಟಿಯೊಮಲೇಶಿಯಾ: ಫಾಸ್ಫೇಟ್ ಇಳಿದು, ಫಾಸ್ಫಟೇಸ್ ಏರಿರುತ್ತದೆ, ಕ್ಯಾಲ್ಸಿಯಂ ಕಡಿಮೆ ಅಥವಾ ಸರಿಯ ಅಂಚಿನಲ್ಲಿ. ಕ್ಯಾಲ್ಸಿಯಂ ಏರಿ ಫಾಸ್ಫೇಟ್ ಇಳಿದಿದ್ದರೆ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಹುಡುಕಬೇಕು, ಅದರ ಸುಳಿವೂ ಕೈಯಲ್ಲೇ ಇದೆ: ತೋರುಬೆರಳು, ನಡುಬೆರಳುಗಳ ನಡುಗೆಣ್ಣಿನ ಎಲುಬು ಹೆಬ್ಬೆರಳ ಬದಿಯಲ್ಲಿ ಇಲಿ ಕಡಿದಂತೆ ಸವೆದಿರುತ್ತದೆ. ಕ್ಯಾಲ್ಸಿಯಂ ಇಳಿದು ಫಾಸ್ಫೇಟ್ ಏರಿದ್ದರೆ ಮೂತ್ರಪಿಂಡ. ಇಷ್ಟು ಗೊತ್ತಿದ್ದರೆ ಅರ್ಧ ಅಧ್ಯಾಯ ಕೈವಶ. ಒಂದು ಎಚ್ಚರಿಕೆ: ಬೆಳೆಯುವ ಮಕ್ಕಳಲ್ಲಿ ಮತ್ತು ಮುರಿತ ಕೂಡುತ್ತಿರುವಾಗ ಫಾಸ್ಫಟೇಸ್ ತಾನಾಗಿಯೇ ಏರಿರುತ್ತದೆ, ಅದೊಂದನ್ನೇ ನೋಡಿ ರೋಗದ ಹೆಸರು ಬರೆಯಬೇಡಿ.

ನೀರಿನ ಫ್ಲೋರೈಡ್ ಹೆಚ್ಚಾಗಿ ಎಲುಬು, ಹಲ್ಲು ಕೆಡುವ ಫ್ಲೋರೋಸಿಸ್‌ಗೆ ಪುಸ್ತಕಗಳು ಒಂದು ಪ್ಯಾರಾ ಕೊಟ್ಟು ಮುಂದೆ ಹೋಗುತ್ತವೆ. ಬಾಗಲಕೋಟೆಯಲ್ಲಿ ಓದುವವರು ಹಾಗೆ ಹೋಗಲು ಬರುವುದಿಲ್ಲ. ಹುನಗುಂದದ ಕಡೆಯಿಂದ ಬಂದ ರೈತರೊಬ್ಬರು ಚಕ್ಕಡಿಯಿಂದ ಇಳಿಯುವಾಗ ಬಿದ್ದು ಮುಂಗೈ ನೋವು ಎಂದಿದ್ದರು. ಮುರಿತ ಇರಲಿಲ್ಲ. ಫೋಟೋದಲ್ಲಿ ಎಲುಬು ಸುಣ್ಣ ಬಳಿದಷ್ಟು ಬೆಳ್ಳಗೆ, ರೇಡಿಯಸ್ ಮತ್ತು ಅಲ್ನಾ ನಡುವಿನ ಪೊರೆಯುದ್ದಕ್ಕೂ ಮುಳ್ಳುಮುಳ್ಳಾಗಿ ಎಲುಬು ಬೆಳೆದಿತ್ತು. ಮುಂಗೈಯ ಆ ಪೊರೆ ಗಟ್ಟಿಯಾಗುವುದು ಫ್ಲೋರೋಸಿಸ್‌ನ ಗುರುತು. ಅಂಗೈ ಮೇಲೆ ಮಾಡಿ ಎಂದರೆ ಅವರಿಗೆ ಪೂರ್ತಿ ಆಗುತ್ತಿರಲಿಲ್ಲ, ಕುತ್ತಿಗೆ ತಿರುಗಿಸಲು ಇಡೀ ಮೈ ತಿರುಗಿಸುತ್ತಿದ್ದರು. ನಗಿಸಿ ನೋಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ. ವಯಸ್ಸಾಯಿತು, ಮೈ ಬಿಗಿಯಿತು ಎಂದು ಅವರೇ ತೀರ್ಮಾನಿಸಿಕೊಂಡಿದ್ದರು. ದೇಶದಲ್ಲಿ ಈ ರೋಗವನ್ನು ಮೊದಲು ವಿವರವಾಗಿ ದಾಖಲಿಸಿದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ. ಬೆಳ್ಳಗಿದೆ ಎಂದು ಎಲುಬು ಗಟ್ಟಿ ಎಂದುಕೊಳ್ಳಬಾರದು, ಅದು ಪೆಡಸು.

ಅಲ್ಲಿ ಸರ್ ಕೇಳಿದ್ದು ನೀರಿನ ಬಗ್ಗೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎನ್ನುತ್ತದೆ ನಮ್ಮ ಮಾನದಂಡ. "ಕಾಯಿಸಿ ಕುಡೀತೀವ್ರಿ" ಎಂದರು ರೈತರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಅವರ ಊರಲ್ಲಿ ಶುದ್ಧ ನೀರಿನ ಘಟಕ ಇತ್ತು, ಕೆಟ್ಟು ನಿಂತಿತ್ತು. ಔಷಧ ಚೀಟಿಯಲ್ಲಿ ಅದಕ್ಕೇನು ಬರೆಯುವುದು? ನೋವಿನ ಗುಳಗಿ, ಕ್ಯಾಲ್ಸಿಯಂ ಬರೆದೆವು. ಮನೆಗೆ ಮಳೆನೀರು ಹಿಡಿದಿಟ್ಟುಕೊಳ್ಳಿ, ಮೊಮ್ಮಕ್ಕಳಿಗೆ ಬೋರಿನ ನೀರು ಕೊಡಬೇಡಿ ಎಂದು ಹೇಳಿದೆವು. ಬಿಗಿದ ಮೈ ಸಡಿಲಾಗುವುದಿಲ್ಲ ಎಂಬುದು ನಮಗೆ ಗೊತ್ತಿತ್ತು, ಅವರಿಗೂ ಗೊತ್ತಾದಂತಿತ್ತು.

ಪರೀಕ್ಷೆಯ ವಿಷಯ ಕೇಳುವವರಿಗೆ: ನನ್ನ ವೈವಾದಲ್ಲಿ (ಮೌಖಿಕ ಪರೀಕ್ಷೆ) ಮೆಟಬಾಲಿಕ್ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಮಗುವಿನ ಮೊಣಕೈ ಫೋಟೋ ಕೊಟ್ಟರು. ಯಾವ ವಯಸ್ಸು ಎಂದರು. ಮೊಣಕೈಯ ಕ್ಯಾಪಿಟೆಲ್ಲಮ್ ಎಂಬ ಭಾಗದಿಂದ ಶುರುವಾಗಿ ಒಂದು, ಮೂರು, ಐದು, ಏಳು, ಒಂಬತ್ತು, ಹನ್ನೊಂದು ವರ್ಷಕ್ಕೆ ಒಂದೊಂದೇ ಎಲುಬಿನ ಚುಕ್ಕೆ ಮೂಡುವ ಲೆಕ್ಕ ಹಿಡಿದು ಹೇಳಿದೆ. ಇದು ಮುರಿತವೋ ಮೊಣಕೈ ಜಾರಿದ್ದೋ, ಫೋಟೋ ಇಲ್ಲದೆ ಹೇಗೆ ಹೇಳುತ್ತೀಯ ಎಂದರು. ಕೈ ಮಡಚಿದಾಗ ಮೊಣಕೈಯ ಮೂರು ಎಲುಬಿನ ಮೊನೆಗಳು ತ್ರಿಕೋನ ಕಟ್ಟುತ್ತವೆ, ಸುಪ್ರಾಕಾಂಡೈಲರ್ ಮುರಿತದಲ್ಲಿ ಆ ತ್ರಿಕೋನ ಕೆಡುವುದಿಲ್ಲ, ಕೀಲು ಜಾರಿದರೆ ಕೆಡುತ್ತದೆ ಎಂದೆ. "ಮೊದಲು ಏನು ನೋಡ್ತೀ?" ಎಂದರು. ನಾಡಿ, ಆಮೇಲೆ ಬೆರಳು ಎಂದೆ. ಅವರು ಫೋಟೋ ವಾಪಸ್ ತೆಗೆದುಕೊಂಡು ಮುಂದಿನ ಮೇಜಿಗೆ ಕೈ ತೋರಿಸಿದರು, ಅಲ್ಲಿ ಉಪಕರಣಗಳ ಸರದಿ.

ಈಗ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಪಾಳಿ ಇದ್ದಾಗ ಕೈ ಪೆಟ್ಟಿನವರು ಬಂದರೆ ನಾನು ಚೀಟಿಯ ಮೇಲೆ ಎರಡು ಸಾಲು ಹೆಚ್ಚಿಗೆ ಬರೆಯುತ್ತೇನೆ: ಎಷ್ಟು ಎತ್ತರದಿಂದ ಬಿದ್ದರು, ಯಾವ ಊರಿನ ನೀರು. ಕ್ಯಾಶುವಾಲ್ಟಿ ಫಾರ್ಮಿನಲ್ಲಿ ಅದಕ್ಕೆ ಜಾಗವಿಲ್ಲ, ಅಂಚಿನಲ್ಲಿ ಬರೆಯಬೇಕು. ಬೆಳಿಗ್ಗೆ ರೌಂಡ್ಸ್‌ಗೆ ಬರುವ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ಅದನ್ನು ಓದುತ್ತಾರೆ.